ಟಂಕಸಾಲೆಯನ್ನು ಪರೀಕ್ಷಿಸುವವರು ಯಾರು?

ಗ್ರಾಹಕರ ಫೋನಿನ ಪರದೆಯನ್ನು ಅಂಗಡಿಯವರು ನಂಬುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಹಣ ಹೋಗಿದೆ ಎಂದು ಹಸಿರು ಗುರುತು ತೋರಿಸುವ ನಕಲಿ ಆ್ಯಪ್‌ಗಳು ಬಂದವು, ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಒಯ್ಯುವವರು ಹೆಚ್ಚಾದರು. ಆಮೇಲೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸೌಂಡ್‌ಬಾಕ್ಸ್ ಬಂದು ಕೂತಿತು. ಅದು ಕೂಗಿದರೆ ಮಾತ್ರ ಹಣ ಬಂದಂತೆ. ಕೊಡುವವನ ಮಾತು ಸಾಕ್ಷಿಯಲ್ಲ, ಲೆಕ್ಕದ ಪುಸ್ತಕ ಇಟ್ಟುಕೊಂಡವನೇ ಹೇಳಬೇಕು ಎಂಬ ನಿಯಮ ಆ ಸಣ್ಣ ಪೆಟ್ಟಿಗೆಯೊಳಗಿದೆ.

ಕಾಗದದ ನೋಟಿಗೆ ಯಾವ ಪುಸ್ತಕವೂ ಬೇಡ. ಬೆಳಕಿಗೆ ಹಿಡಿದು ನೀರುಗುರುತು ನೋಡಿ, ಭದ್ರತಾ ದಾರ ನೋಡಿ, ಬೆರಳಿನಿಂದ ಉಜ್ಜಿ ನೋಡಿ ಜೇಬಿಗಿಟ್ಟುಕೊಂಡರೆ ಮುಗಿಯಿತು. ರಿಸರ್ವ್ ಬ್ಯಾಂಕನ್ನು ಕೇಳಬೇಕಿಲ್ಲ, ಕೊಟ್ಟವನ ಹೆಸರೂ ಬೇಕಿಲ್ಲ. ಅದೇ ನೋಟನ್ನು ಅವನು ಇನ್ನೊಬ್ಬನಿಗೂ ಕೊಟ್ಟಿರಬಹುದು ಎಂಬ ಅನುಮಾನ ಹುಟ್ಟುವುದೇ ಇಲ್ಲ, ಏಕೆಂದರೆ ನೋಟು ಈಗ ನಮ್ಮ ಕೈಯಲ್ಲಿದೆ. ಕಂಪ್ಯೂಟರಿನಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಹಣವೆಂದರೆ ಅಂಕಿಗಳ ಒಂದು ಸಾಲು, ಅದರ ನಕಲು ತೆಗೆಯಲು ಖರ್ಚೇ ಇಲ್ಲ. ಆದ್ದರಿಂದ ಯಾರಾದರೂ ಪುಸ್ತಕ ಇಡಲೇಬೇಕು. ಇಟ್ಟವರಿಗೆ ಯಾರು ಯಾರಿಗೆ ಎಷ್ಟು ಯಾವಾಗ ಕೊಟ್ಟರು ಎಂಬುದೆಲ್ಲ ತಿಳಿಯುತ್ತದೆ. ಪಾವತಿಯನ್ನು ಪರೀಕ್ಷಿಸಬೇಕು, ಆದರೆ ಪಾವತಿದಾರನನ್ನು ತಿಳಿಯಬಾರದು. ಇದು ಆಗುವ ಕೆಲಸವೇ? ಇ-ಕ್ಯಾಷ್ ಎಂಬ ಸಂಶೋಧನೆ ನಲವತ್ತು ವರ್ಷಗಳಿಂದ ಈ ಪ್ರಶ್ನೆಯ ಸುತ್ತಲೇ ತಿರುಗಿದೆ.

ನನಗೆ ಕಾಣುವಂತೆ, ಬ್ಯಾಂಕಿಗೆ ಗ್ರಾಹಕನ ಮೇಲಿರುವ ಅನುಮಾನವನ್ನು ಈ ನಲವತ್ತು ವರ್ಷಗಳಲ್ಲಿ ಗಣಿತ ಚೆನ್ನಾಗಿಯೇ ಬಗೆಹರಿಸಿದೆ. ಗ್ರಾಹಕನಿಗೆ ಬ್ಯಾಂಕಿನ ಮೇಲೆ ಇರಬೇಕಾದ ಅನುಮಾನವನ್ನು ಮಾತ್ರ ಅರ್ಧಕ್ಕೇ ಬಿಟ್ಟಿದೆ. ಈ ಲೇಖನದಲ್ಲಿ ಹೆಚ್ಚು ಜಾಗ ಆ ಉಳಿದರ್ಧಕ್ಕೆ.

ಕಥೆ ಆರಂಭವಾಗುವುದು ಡೇವಿಡ್ ಚಾಮ್ ಎಂಬ ಅಮೆರಿಕನ್ ಗಣಕ ವಿಜ್ಞಾನಿಯಿಂದ. 1982ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನಡೆದ ಗೂಢಲಿಪಿ ತಜ್ಞರ ಸಮ್ಮೇಳನದಲ್ಲಿ ಅವರು ‘ಕುರುಡು ಸಹಿ’ಯ ಕಲ್ಪನೆಯನ್ನು ಮುಂದಿಟ್ಟರು. ಅದನ್ನು ವಿವರಿಸಲು ಅವರೇ ಬಳಸಿದ ಹೋಲಿಕೆ ಕಾರ್ಬನ್ ಕಾಗದದ ಲಕೋಟೆಯದು. ಒಂದು ಚೀಟಿಯ ಮೇಲೆ ನೀವೇ ಒಂದು ಸಂಖ್ಯೆ ಬರೆದು, ಒಳಗೆ ಕಾರ್ಬನ್ ಇರುವ ಲಕೋಟೆಗೆ ಹಾಕಿ, ಅಂಟಿಸಿ ಬ್ಯಾಂಕಿಗೆ ಕೊಡುತ್ತೀರಿ. ಬ್ಯಾಂಕು ನಿಮ್ಮ ಖಾತೆಯಿಂದ ನೂರು ರೂಪಾಯಿ ಕಡಿದುಕೊಂಡು ಲಕೋಟೆಯ ಮೇಲೆ ಸಹಿ ಹಾಕುತ್ತದೆ, ಸಹಿ ಒಳಗಿನ ಚೀಟಿಯ ಮೇಲೂ ಮೂಡುತ್ತದೆ. ಮನೆಗೆ ಬಂದು ಲಕೋಟೆ ಹರಿದರೆ ನಿಮ್ಮ ಕೈಯಲ್ಲಿರುವುದು ಬ್ಯಾಂಕಿನ ಅಸಲಿ ಸಹಿಯಿರುವ ನೋಟು. ಬ್ಯಾಂಕಿಗೆ ಮಾತ್ರ ಆ ಚೀಟಿಯ ಸಂಖ್ಯೆ ಗೊತ್ತೇ ಇಲ್ಲ. ನಾಳೆ ಅಂಗಡಿಯವರು ಅದನ್ನು ಜಮಾ ಮಾಡಿದಾಗ ಸಹಿ ತನ್ನದೇ ಎಂದು ಬ್ಯಾಂಕು ಒಪ್ಪುತ್ತದೆ, ಯಾರಿಗೆ ಹಾಕಿಕೊಟ್ಟ ಸಹಿ ಎಂಬುದನ್ನು ಹೇಳಲಾರದು.

ಇದರ ಹಿಂದಿನ ಲೆಕ್ಕ ಹೈಸ್ಕೂಲು ಮಟ್ಟದ್ದು, ಮಾಡಿ ನೋಡಿದರೆ ಮಾತ್ರ ಅದರ ಚೆಲುವು ಗೊತ್ತಾಗುತ್ತದೆ. ಬೇಡವೆನಿಸುವವರು ಈ ಪ್ಯಾರಾ ದಾಟಿಕೊಳ್ಳಬಹುದು. ಎಲ್ಲ ಗುಣಾಕಾರವನ್ನೂ 33ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳೋಣ. ಬ್ಯಾಂಕಿನ ಗುಟ್ಟಿನ ಕೀಲಿ 7, ಅಂದರೆ ಯಾವ ಸಂಖ್ಯೆ ಬಂದರೂ ಅದರ ಏಳನೇ ಘಾತವೇ ಬ್ಯಾಂಕಿನ ಸಹಿ. ಎಲ್ಲರಿಗೂ ಗೊತ್ತಿರುವ ಕೀಲಿ 3, ಅಂದರೆ ಸಹಿಯ ಘನ ತೆಗೆದರೆ ಮೂಲ ಸಂಖ್ಯೆ ಹಿಂದಿರುಗಬೇಕು. ನಮ್ಮ ನೋಟಿನ ಸಂಖ್ಯೆ 5 ಇರಲಿ, ಮರೆಮಾಡಲು ಆರಿಸಿಕೊಂಡ ಸಂಖ್ಯೆ 2. ಎರಡರ ಘನ 8, ಅದನ್ನು ಐದರಿಂದ ಗುಣಿಸಿದರೆ 40, ಶೇಷ 7. ಬ್ಯಾಂಕಿಗೆ ಕಳಿಸುವುದು ಈ 7 ಮಾತ್ರ. ಬ್ಯಾಂಕು ಅದರ ಏಳನೇ ಘಾತ ತೆಗೆದು 28 ಎಂದು ಹಿಂದಿರುಗಿಸುತ್ತದೆ. ನಾವು 2ರಿಂದ ಭಾಗಿಸಿದರೆ 14. ಈಗ 14ರ ಘನ 2744, ಅದನ್ನು 33ರಿಂದ ಭಾಗಿಸಿದರೆ ಶೇಷ 5. ಸಹಿ ಸರಿಯಾಗಿದೆ, ಆದರೆ ಬ್ಯಾಂಕು 5ನ್ನೂ ನೋಡಿಲ್ಲ, 14ನ್ನೂ ನೋಡಿಲ್ಲ. ಊಹಿಸಲಾದರೂ ಸಾಧ್ಯವೇ? ಇಲ್ಲ. ನೋಟಿನ ಸಂಖ್ಯೆ 2, ಮರೆಮಾಡುವ ಸಂಖ್ಯೆ 26 ಆಗಿದ್ದರೂ ಬ್ಯಾಂಕಿಗೆ ಕಾಣುತ್ತಿದ್ದದ್ದು ಅದೇ 7. ನಿಜವಾದ ವ್ಯವಸ್ಥೆಯಲ್ಲಿ 33ರ ಜಾಗದಲ್ಲಿ ನೂರಾರು ಅಂಕಿಗಳ ಸಂಖ್ಯೆ ಇರುತ್ತದೆ. ಮನಸ್ಸಿಗೆ ಬಂದ ಸಹಿಯ ಘನ ತೆಗೆದು ‘ಇದೇ ನನ್ನ ನೋಟಿನ ಸಂಖ್ಯೆ’ ಎಂದು ಯಾರೂ ಹೇಳದಂತೆ ಆ ಸಂಖ್ಯೆಗೆ ಒಂದು ನಿಗದಿತ ರಚನೆಯನ್ನೂ ಹಾಕುತ್ತಾರೆ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಳಗೇನಿದೆ ಎಂದು ನೋಡದೆ ಸಹಿ ಹಾಕುವ ಬ್ಯಾಂಕು ನೋಟಿನ ಬೆಲೆಯನ್ನು ಚೀಟಿಯ ಮೇಲೆ ಬರೆಯಲಾರದು. ಹಾಗಾಗಿ ಒಂದೊಂದು ಬೆಲೆಗೂ ಒಂದೊಂದು ಕೀಲಿ ಇರಬೇಕು, ನೂರರ ಕೀಲಿಯಿಂದ ಹಾಕಿದ ಸಹಿ ನೂರರ ನೋಟು. ಎರಡನೆಯದು, ಈ ಮರೆ ಯಾವ ಕಂಪ್ಯೂಟರಿನ ನಿಧಾನಗತಿಯನ್ನೂ ನಂಬಿಕೊಂಡಿಲ್ಲ. ನಾಳೆ ಬಲವಾದ ಕ್ವಾಂಟಮ್ ಕಂಪ್ಯೂಟರ್ ಬಂದರೆ ಬ್ಯಾಂಕಿನ ಗುಟ್ಟಿನ ಕೀಲಿಯನ್ನು ಕಂಡುಹಿಡಿದು ಖೋಟಾ ನೋಟು ಮಾಡಬಹುದು. ಆದರೆ ಹಿಂದೆ ಯಾರು ಎಲ್ಲಿ ಖರ್ಚು ಮಾಡಿದ್ದರು ಎಂಬುದು ಆಗಲೂ ಹೊರಬೀಳುವುದಿಲ್ಲ. ಗೌಪ್ಯ ಇಡುತ್ತೇವೆ ಎನ್ನುವ ಉಳಿದ ವ್ಯವಸ್ಥೆಗಳಲ್ಲಿ ಇಂಥ ಭರವಸೆ ಅಪರೂಪ.

ಕುರುಡು ಸಹಿ ನೋಟು ಅಸಲಿ ಎಂಬುದನ್ನು ಸಾಬೀತುಪಡಿಸಿತು. ಅದು ಆಗಲೇ ಖರ್ಚಾಗಿದೆಯೇ ಎಂಬುದನ್ನು ಹೇಳಲಿಲ್ಲ. ಒಂದೇ ನೋಟನ್ನು ಎರಡು ಕಡೆ ಕೊಡುವ ಈ ಕಾಟಕ್ಕೆ ಮೊದಲ ಪರಿಹಾರ ಸರಳವಾಗಿತ್ತು. ಅಂಗಡಿಯವನು ನೋಟು ಸಿಕ್ಕ ಕೂಡಲೇ ಬ್ಯಾಂಕಿಗೆ ಕಳಿಸುವುದು, ಬ್ಯಾಂಕು ಖರ್ಚಾದ ಸಂಖ್ಯೆಗಳ ಪಟ್ಟಿ ನೋಡಿ ಹೌದು ಅಥವಾ ಇಲ್ಲ ಎನ್ನುವುದು. ಮೂವತ್ತು ವರ್ಷದ ಹಿಂದೆ ಪ್ರತಿ ಪಾವತಿಗೂ ಬ್ಯಾಂಕಿನ ಸಂಪರ್ಕ ಬೇಕೆಂದರೆ ಅದು ದುಬಾರಿ ಷರತ್ತು. ಈಗ ಸೊಪ್ಪಿನ ಗಾಡಿಯವರೂ ಅದನ್ನೇ ಮಾಡುತ್ತಾರೆ.

ಸಂಪರ್ಕವಿಲ್ಲದೆಯೂ ಪಾವತಿ ಆಗಬೇಕು ಎಂದರೆ? 1988ರಲ್ಲಿ ಚಾಮ್, ಅಮೋಸ್ ಫಿಯಾಟ್ ಮತ್ತು ಮೋನಿ ನಾವೋರ್ ಇದಕ್ಕೊಂದು ಉಪಾಯ ಹೂಡಿದರು. 1993ರಲ್ಲಿ ಸ್ಟೆಫಾನ್ ಬ್ರಾಂಡ್ಸ್ ಅದನ್ನು ಬಹಳ ಹಗುರಗೊಳಿಸಿದರು. ಬ್ರಾಂಡ್ಸ್ ಅವರ ದಾರಿಯ ತಿರುಳು ರೇಖಾಗಣಿತದ ಮೊದಲ ಪಾಠ: ಒಂದು ಬಿಂದುವಿನ ಮೂಲಕ ಎಷ್ಟು ಸರಳರೇಖೆಗಳನ್ನಾದರೂ ಎಳೆಯಬಹುದು, ಎರಡು ಬಿಂದುಗಳ ಮೂಲಕ ಒಂದೇ. ನಿಮ್ಮ ಗುರುತನ್ನು ಒಂದು ರೇಖೆಯಾಗಿ ನೋಟಿನೊಳಗೆ ಹುದುಗಿಸಲಾಗುತ್ತದೆ. ಖರ್ಚು ಮಾಡುವಾಗ ಅಂಗಡಿಯವನು ಕೇಳುವ ಪ್ರಶ್ನೆಗೆ ಉತ್ತರವಾಗಿ ಆ ರೇಖೆಯ ಒಂದು ಬಿಂದುವನ್ನು ಮಾತ್ರ ಕೊಡುತ್ತೀರಿ. ಒಂದು ಬಿಂದುವಿನಿಂದ ಬ್ಯಾಂಕಿಗೆ ಏನೂ ತಿಳಿಯದು. ಅದೇ ನೋಟನ್ನು ಇನ್ನೊಂದು ಅಂಗಡಿಯಲ್ಲಿ ಕೊಟ್ಟಿರೋ, ಎರಡನೆಯ ಬಿಂದು ಸಿಕ್ಕಿತು, ರೇಖೆ ಸಿಕ್ಕಿತು, ನಿಮ್ಮ ಹೆಸರೂ ಸಿಕ್ಕಿತು. ಪ್ರಾಮಾಣಿಕನಿಗೆ ಮರೆ, ಮೋಸಗಾರನಿಗೆ ಬಯಲು. ಇಷ್ಟು ನ್ಯಾಯವಾದ ಗಣಿತ ಹಣಕಾಸಿನಲ್ಲಿ ಬೇರೆ ಕಂಡಿಲ್ಲ.

ಆದರೆ ಇದು ಮೋಸವನ್ನು ತಡೆಯುವುದಿಲ್ಲ, ಆದ ಮೇಲೆ ಪತ್ತೆ ಮಾಡುತ್ತದೆ ಅಷ್ಟೆ. ಕದ್ದ ಗುರುತಿನ ಮೇಲೆ ನೋಟು ತೆಗೆದುಕೊಂಡು ಒಂದೇ ದಿನ ಸಾವಿರ ಕಡೆ ಖರ್ಚು ಮಾಡಿ ಓಡಿಹೋದವನ ಹೆಸರು ಸಿಕ್ಕಿದರೆ ಏನು ಬಂತು? ಈ ಅಂಜಿಕೆಯಿಂದಲೇ ಹಲವರು ಗಣಿತವನ್ನು ಬಿಟ್ಟು ಚಿಪ್ಪನ್ನು ನಂಬಿದರು. ಬ್ರಿಟನ್ನಿನ ಮಾಂಡೆಕ್ಸ್ ಕಾರ್ಡು ಅಂಥದ್ದು. 1995ರ ಜುಲೈನಲ್ಲಿ ಸ್ವಿಂಡನ್ ಪಟ್ಟಣದಲ್ಲಿ ಅದರ ಪ್ರಯೋಗ ಶುರುವಾಯಿತು. ಕಾರ್ಡಿನಿಂದ ಕಾರ್ಡಿಗೆ ನೇರವಾಗಿ ಹಣ ದಾಟುತ್ತಿತ್ತು, ನಡುವೆ ಬ್ಯಾಂಕಿಲ್ಲ. ಚಿಪ್ಪನ್ನು ಒಡೆಯಲಾಗದು ಎಂಬುದೇ ಅದರ ಭದ್ರತೆ. ಹಣ ಹುಟ್ಟಿಕೊಳ್ಳುವುದಿಲ್ಲ, ದಾರಿಯಲ್ಲಿ ಕಳೆದದ್ದಕ್ಕೂ ಲೆಕ್ಕ ಇರುತ್ತದೆ ಎಂಬುದನ್ನು ಗಣಿತದ ಸಾಧನೆಯಾಗಿ ಬರೆದು ತೋರಿಸಿ, ಆ ಕಾಲದ ಅತ್ಯುನ್ನತ ಭದ್ರತಾ ಪ್ರಮಾಣಪತ್ರವನ್ನು ಮಾಂಡೆಕ್ಸ್ ಪಡೆಯಿತು. ಅದರ ಬರಹರೂಪ ಮುಂದೆ ಸಾಫ್ಟ್‌ವೇರ್ ಪರಿಶೀಲನೆಯ ಸಂಶೋಧಕರಿಗೆ ಅಭ್ಯಾಸದ ಲೆಕ್ಕವೇ ಆಯಿತು. ಇಷ್ಟಾದರೂ ಜನ ಆ ಕಾರ್ಡನ್ನು ಕೊಳ್ಳಲಿಲ್ಲ. ಪರಿಶೀಲನೆ ಪೂರ್ತಿಯಾಗಿದ್ದರೂ ಬಳಕೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಬೇಡ.

ಚಾಮ್ ಅವರ ಸ್ವಂತ ಕಂಪನಿಯ ಕಥೆಯೂ ಹೆಚ್ಚು ಬೇರೆಯಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಟ್ಟಿದ ಡಿಜಿಕ್ಯಾಷ್ 1994ರ ಮೇ ತಿಂಗಳಲ್ಲಿ, ಜಿನೀವಾದ ಸರ್ನ್‌ನಲ್ಲಿ ನಡೆದ ಮೊದಲ ವರ್ಲ್ಡ್ ವೈಡ್ ವೆಬ್ ಸಮ್ಮೇಳನದ ಹೊತ್ತಿಗೆ ಜಾಲದ ಮೇಲೆ ಇ-ಕ್ಯಾಷ್ ಪಾವತಿಯನ್ನು ತೋರಿಸಿತು. ಅದೇ ವರ್ಷ ‘ಸೈಬರ್‌ಬಕ್ಸ್’ ಎಂಬ ಪ್ರಯೋಗದ ಹಣವನ್ನು ಕೇಳಿದವರಿಗೆಲ್ಲ ತಲಾ 100ರಂತೆ ಹಂಚಿತು, ಒಟ್ಟು 10 ಲಕ್ಷ ಮೀರಿ ಹೊರಡಿಸುವುದಿಲ್ಲ ಎಂದೂ ಮಾತು ಕೊಟ್ಟಿತು. ಆ ಮಾತಿನ ಬಲದ ಮೇಲೆ ಜನ ಅದನ್ನು ಬೆಲೆಯುಳ್ಳದ್ದೆಂದು ಬಗೆದು ಟಿ-ಶರ್ಟು, ಚಿತ್ರ, ಸಾಫ್ಟ್‌ವೇರ್ ಕೊಟ್ಟು ಕೊಂಡರು. ಕಂಪನಿ ನಿಜಕ್ಕೂ 10 ಲಕ್ಷಕ್ಕೇ ನಿಲ್ಲಿಸಿತೇ ಎಂದು ಪರೀಕ್ಷಿಸುವ ದಾರಿ ಮಾತ್ರ ಕೊಂಡವರಲ್ಲಿ ಒಬ್ಬರಿಗೂ ಇರಲಿಲ್ಲ. 1995ರ ಅಕ್ಟೋಬರಿನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಮಾರ್ಕ್ ಟ್ವೇನ್ ಬ್ಯಾಂಕು ನಿಜವಾದ ಡಾಲರಿನಲ್ಲಿ ಇ-ಕ್ಯಾಷ್ ಹೊರತಂದಿತು. ಆಮೇಲೆ ಜರ್ಮನಿಯ ಡಾಯ್ಚ ಬ್ಯಾಂಕು, ಫಿನ್ಲೆಂಡ್, ಆಸ್ಟ್ರಿಯಾ, ನಾರ್ವೆ, ಆಸ್ಟ್ರೇಲಿಯಾದ ಬ್ಯಾಂಕುಗಳು ಪರವಾನಗಿ ಪಡೆದವು. ಮಾರ್ಕ್ ಟ್ವೇನ್‌ಗೆ ಸಿಕ್ಕಿದ್ದು ಸುಮಾರು 5,000 ಗ್ರಾಹಕರು, 300 ವ್ಯಾಪಾರಿಗಳು. 1998ರಲ್ಲಿ ಅದು ಕೈಬಿಟ್ಟಿತು, ಅದೇ ನವೆಂಬರಿನಲ್ಲಿ ಡಿಜಿಕ್ಯಾಷ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಜಾಲದ ಮೇಲೆ ಬರೆಯಲು ಜನ ಹೆದರುತ್ತಾರೆ ಎಂಬ ಲೆಕ್ಕಾಚಾರದ ಮೇಲೆ ಕಂಪನಿ ನಿಂತಿತ್ತು. ಜನ ಹೆದರಲಿಲ್ಲ. ಮೋಸವಾದರೆ ಕಾರ್ಡಿನ ಕಂಪನಿ ಹಣ ಹಿಂದಿರುಗಿಸುತ್ತದೆ ಎಂಬ ಭರವಸೆ ಅವರಿಗೆ ಗೌಪ್ಯಕ್ಕಿಂತ ಹೆಚ್ಚು ಬೇಕಾಗಿತ್ತು.

ವ್ಯಾಪಾರದ ಸೋಲನ್ನು ಬಿಟ್ಟು ಟಂಕಸಾಲೆಯ, ಅಂದರೆ ನೋಟು ಹೊರಡಿಸುವ ಬ್ಯಾಂಕಿನ, ಬಾಗಿಲಿಗೆ ಬರೋಣ. ಚಾಮ್ ಮಾದರಿಯ ಇ-ಕ್ಯಾಷ್‌ನಲ್ಲಿ ಗ್ರಾಹಕ ಬ್ಯಾಂಕನ್ನು ಯಾವ ಯಾವ ವಿಷಯಕ್ಕೆ ನಂಬಬೇಕು ಎಂದು ಬಿಡಿಸಿ ನೋಡಿದರೆ ಸ್ವಲ್ಪ ಗಾಬರಿಯಾಗುತ್ತದೆ.

ಮೊದಲಿಗೆ, ಮರೆಯನ್ನು ಕಿತ್ತುಹಾಕಲು ಬ್ಯಾಂಕು ಗಣಿತವನ್ನು ಮುರಿಯಬೇಕಾಗಿಯೇ ಇಲ್ಲ. ಎಲ್ಲರಿಗೂ ಒಂದೇ ಕೀಲಿಯಿಂದ ಸಹಿ ಹಾಕುವ ಬದಲು ತನಗೆ ಕುತೂಹಲವಿರುವ ಒಬ್ಬ ಗ್ರಾಹಕನಿಗೆ ಬೇರೊಂದು ಕೀಲಿ ಬಳಸಿದರೆ ಸಾಕು, ಆ ಕೀಲಿಯ ನೋಟು ಎಲ್ಲಿ ಕಂಡರೂ ಅದು ಅವನದೇ. ಕುರುಡು ಸಹಿಯ ಗೌಪ್ಯವೆಂದರೆ ಗುಂಪಿನಲ್ಲಿ ಕಳೆದುಹೋಗುವ ಗೌಪ್ಯ, ಗುಂಪೇ ಇಲ್ಲವಾದರೆ ಗೌಪ್ಯವೂ ಇಲ್ಲ. ಎಲ್ಲರಿಗೂ ಒಂದೇ ಕೀಲಿ ಬಳಕೆಯಾಗುತ್ತಿದೆ ಎಂಬುದನ್ನು ಗ್ರಾಹಕ ಸ್ವತಃ ಪರೀಕ್ಷಿಸುವಂತಿರಬೇಕು. ಕೀಲಿಗಳನ್ನು ಬಹಿರಂಗವಾಗಿ ಪ್ರಕಟಿಸುವುದು, ಸಹಿಯ ಜೊತೆ ‘ಇದು ಪ್ರಕಟಿತ ಕೀಲಿಯದೇ’ ಎಂಬ ಗಣಿತದ ಪುರಾವೆ ಕೊಡುವುದು ಈಗಿನ ವ್ಯವಸ್ಥೆಗಳಲ್ಲಿ ರೂಢಿಗೆ ಬಂದಿವೆ. ಇಷ್ಟರ ಮಟ್ಟಿಗೆ ಈ ಅನುಮಾನ ಬಗೆಹರಿದಿದೆ.

ಬಗೆಹರಿಯದ್ದು ಮುಂದಿನದು. ಬ್ಯಾಂಕಿನ ಕೀಲಿ ಕಳ್ಳನ ಕೈಗೆ ಸಿಕ್ಕಿತೆನ್ನಿ. ಅವನು ಮಾಡುವ ನೋಟು ಖೋಟಾ ನೋಟಲ್ಲ, ಪ್ರತಿ ಅಂಕಿಯೂ ಅಸಲಿಯಂತೆಯೇ ಇರುತ್ತದೆ. ಬ್ಯಾಂಕಿಗೆ ತಾನು ಸಹಿ ಹಾಕಿದ ಸಂಖ್ಯೆಗಳೇ ಗೊತ್ತಿಲ್ಲವಾದ್ದರಿಂದ ಯಾವುದು ತನ್ನದು, ಯಾವುದು ಕಳ್ಳನದು ಎಂದು ಬೇರೆ ಮಾಡಲು ಬರುವುದಿಲ್ಲ. ಹೊರಹೋದದ್ದಕ್ಕಿಂತ ಹೆಚ್ಚು ಹಣ ಜಮಾ ಆದ ದಿನವಷ್ಟೇ ಅನಾಹುತ ಗೊತ್ತಾಗುತ್ತದೆ, ಆಗಲೂ ಎಷ್ಟು ಎಂಬುದು ಗೊತ್ತಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಮೂವರು ಗಣಿತಜ್ಞರು 1996ರಲ್ಲಿ ಅನಾಮಧೇಯ ಇ-ಕ್ಯಾಷ್ ಬಗ್ಗೆ ಬರೆದ ಸಮೀಕ್ಷೆಯಲ್ಲಿ ಹೆಚ್ಚು ಆತಂಕ ತೋರಿಸಿದ್ದು ಇದಕ್ಕೇ. ಅದಕ್ಕೂ ಮೊದಲು, 1992ರಲ್ಲಿ, ಸೆಬಾಸ್ಟಿಯಾನ್ ಫಾನ್ ಸೋಲ್ಮ್ಸ್ ಮತ್ತು ಡೇವಿಡ್ ನಾಕಾಶ್ ಒಂದು ಚಿಕ್ಕ ಬರಹದಲ್ಲಿ ‘ಪರಿಪೂರ್ಣ ಅಪರಾಧ’ವೊಂದನ್ನು ಚಿತ್ರಿಸಿದ್ದರು. ಅಪಹರಣಕಾರನು ಮರೆಮಾಡಿದ ಸಂಖ್ಯೆಗಳನ್ನು ಕಳಿಸಿ ಬ್ಯಾಂಕಿನಿಂದ ಸಹಿ ಹಾಕಿಸಿ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾನೆ, ಮನೆಯಲ್ಲೇ ಕೂತು ಮರೆ ತೆಗೆದು ನೋಟು ಮಾಡಿಕೊಳ್ಳುತ್ತಾನೆ. ಹಣ ಒಯ್ಯಲು ಯಾವ ಸೇತುವೆಯ ಕೆಳಗೂ ಅವನು ಬರಬೇಕಾಗಿಲ್ಲ. ಇಂದು ಆಸ್ಪತ್ರೆಗಳ ಕಂಪ್ಯೂಟರ್‌ಗೆ ಬೀಗ ಜಡಿದು ಹಣ ಕೇಳುವವರು ಅದನ್ನೇ ಬೇರೆ ಸಲಕರಣೆಗಳಿಂದ ಮಾಡುತ್ತಿದ್ದಾರೆ.

ಇನ್ನು ಕಳ್ಳ ಬೇಡವೇ ಬೇಡ, ಬ್ಯಾಂಕೇ ಗುಟ್ಟಾಗಿ ಹೆಚ್ಚು ನೋಟು ಹೊರಡಿಸಿದರೆ? ಹಿಂದಿರುವ ಠೇವಣಿಗಿಂತ ಹೆಚ್ಚು ಸಹಿ ಹಾಕಿದರೆ ಹೊರಗಿನಿಂದ ಕಾಣುವುದಿಲ್ಲ. ಗ್ರಾಹಕನನ್ನು ಕಾಪಾಡುವ ಅದೇ ಮರೆ ಟಂಕಸಾಲೆಯ ಮೋಸವನ್ನೂ ಕಾಪಾಡುತ್ತದೆ. ಈ ಹೆಣಿಗೆ ಬಿಡಿಸುವುದೇ ಇಡೀ ಕ್ಷೇತ್ರದ ಕಷ್ಟದ ಕೆಲಸ. 1999ರಲ್ಲಿ ತೋಮಸ್ ಸಾಂಡರ್ ಮತ್ತು ಅಮ್ನೋನ್ ತಾ-ಷ್ಮಾ ಒಂದು ಬೇರೆ ದಾರಿ ತೋರಿಸಿದರು. ಬ್ಯಾಂಕು ಗುಟ್ಟಿನ ಸಹಿಯನ್ನೇ ಹಾಕಬಾರದು, ಹೊರಡಿಸಿದ ನೋಟುಗಳನ್ನೆಲ್ಲ ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಸೇರಿಸಬೇಕು. ಖರ್ಚು ಮಾಡುವವನು ‘ನನ್ನ ನೋಟು ಈ ಪಟ್ಟಿಯಲ್ಲಿದೆ’ ಎಂದಷ್ಟೇ, ಯಾವುದು ಎಂದು ಹೇಳದೆ, ಸಾಬೀತುಪಡಿಸಬೇಕು. ಕದಿಯಲು ಕೀಲಿಯೇ ಇಲ್ಲ, ಒಟ್ಟು ಎಷ್ಟು ಹೊರಬಿದ್ದಿದೆ ಎಂಬುದು ಎಲ್ಲರ ಕಣ್ಣೆದುರು. ಆಗಿನ ಯಂತ್ರಗಳಿಗೆ ಅದು ಭಾರವಾಗಿತ್ತು. ಆ ಬಗೆಯ ಯೋಚನೆ ಬಳಕೆಗೆ ಬಂದದ್ದು 2016ರಲ್ಲಿ ಜೀಕ್ಯಾಷ್ ಎಂಬ ಡಿಜಿಟಲ್ ನಾಣ್ಯ ಹೊರಬಂದಾಗ.

ನಡುವೆ ಬಿಟ್‌ಕಾಯಿನ್ ಬಂತು. 2008ರ ಅಕ್ಟೋಬರ್ 31ರಂದು ಸತೋಷಿ ನಕಾಮೊಟೊ ಎಂಬ ಗುಪ್ತನಾಮದವರು ಪ್ರಕಟಿಸಿದ ಒಂಬತ್ತು ಪುಟಗಳ ಪ್ರಬಂಧದ ವಾದ ಇಷ್ಟೇ: ಎರಡು ಸಲ ಖರ್ಚು ಮಾಡುವುದನ್ನು ತಡೆಯಲು ಟಂಕಸಾಲೆ ಬೇಡ, ಪುಸ್ತಕವನ್ನು ಎಲ್ಲರೂ ಇಟ್ಟುಕೊಳ್ಳೋಣ. ತೊಂಬತ್ತರ ದಶಕದ ಪ್ರಯತ್ನಗಳು ಸೋತದ್ದು ಅವು ಒಂದೇ ಕೇಂದ್ರದ ಹಿಡಿತದಲ್ಲಿದ್ದುದರಿಂದ ಎಂದೂ ನಕಾಮೊಟೊ ಆಮೇಲೆ ಬರೆದರು. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಡಿಜಿಕ್ಯಾಷ್ ಮುಚ್ಚಿದ್ದು ಕೊಳ್ಳುವವರಿಲ್ಲದೆ. ಆದರೆ ಒಂದು ಕಂಪನಿ ಮುಚ್ಚಿದೊಡನೆ ಹಣದ ಆ ಬಗೆಯೇ ಮಾಯವಾಯಿತಲ್ಲ, ಅದು ಕೇಂದ್ರದ ಹಿಡಿತದ ಫಲವೇ. ಬಿಟ್‌ಕಾಯಿನ್‌ನಲ್ಲಿ ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಮೊದಲ ದಿನದಿಂದ ಇಂದಿನವರೆಗಿನ ಪ್ರತಿ ವಹಿವಾಟನ್ನೂ ಕೂಡಿ ಕಳೆದು ನೋಡಬಹುದು. ಬೆಲೆ ತೆತ್ತದ್ದು ಗೌಪ್ಯ. ಪುಸ್ತಕ ಊರಿಗೆಲ್ಲ ತೆರೆದಿದೆ, ಹೆಸರಿನ ಜಾಗದಲ್ಲಿ ಅಂಕಿ ಇದ್ದರೂ ಹೆಜ್ಜೆ ಹಿಡಿದು ಹೋಗುವವರಿಗೆ ಅದು ದೊಡ್ಡ ತಡೆಯಲ್ಲ. ಚಾಮ್ ಗ್ರಾಹಕನನ್ನು ಮರೆಮಾಡಿ ಟಂಕಸಾಲೆಯನ್ನು ನಂಬಿ ಎಂದರು, ನಕಾಮೊಟೊ ಟಂಕಸಾಲೆಯನ್ನು ತೆಗೆದು ಗ್ರಾಹಕನನ್ನು ಬಯಲಿಗೆ ತಂದರು.

ಇದರ ಮುಂದಿನ ಅಧ್ಯಾಯ ಸ್ವಲ್ಪ ತಮಾಷೆಯದು. ಬಿಟ್‌ಕಾಯಿನ್ ಬಳಗದೊಳಗೇ ಕೆಲವರು ಚಾಮ್ ಅವರ ಹಳೆಯ ದಾರಿಗೆ ಮರಳಿದರು. 2022ರಲ್ಲಿ ಶುರುವಾದ ಕ್ಯಾಷು ಎಂಬ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಪುಟ್ಟ ಟಂಕಸಾಲೆ ನಡೆಸಬಹುದು. ಜನ ಅಲ್ಲಿ ಬಿಟ್‌ಕಾಯಿನ್ ಕೊಟ್ಟು ಕುರುಡು ಸಹಿಯ ನೋಟು ಪಡೆಯುತ್ತಾರೆ. ಅದು ಬಳಸುವ ಸಹಿಯ ವಿಧಾನ ಡೇವಿಡ್ ವಾಗ್ನರ್ 1996ರಲ್ಲಿ ಸೂಚಿಸಿದ್ದ ಯೋಚನೆಯಿಂದ ಬಂದದ್ದು. ಗೌಪ್ಯ ಚೆನ್ನಾಗಿದೆ, ವೇಗ ಚೆನ್ನಾಗಿದೆ. ಟಂಕಸಾಲೆಯವನು ಒಂದು ರಾತ್ರಿ ಗಂಟು ಕಟ್ಟಿಕೊಂಡು ಹೋದರೆ ಕೇಳುವವರಿಲ್ಲ. ಇದರ ಸೋದರನಂತಿರುವ ಫೆಡಿಮಿಂಟ್ ಕೀಲಿಯನ್ನು ಹಲವು ಪಾಲಕರಲ್ಲಿ ಹಂಚುತ್ತದೆ: ನಾಲ್ವರಿದ್ದರೆ ಮೂವರು ಒಪ್ಪಿದರೆ ಮಾತ್ರ ಸಹಿ ಮೂಡುತ್ತದೆ, ಒಬ್ಬ ಕೆಟ್ಟರೂ ಹಣ ಉಳಿಯುತ್ತದೆ. ಮೂವರು ಕೂಡಿಕೊಂಡು ಕೆಟ್ಟರೆ ಏನೂ ಉಳಿಯದು. ನಮ್ಮ ಊರಿನ ಪತ್ತಿನ ಸಹಕಾರ ಸಂಘಗಳ ಇತಿಹಾಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಟ್ಟಾಗಿ ಹೆಚ್ಚು ನೋಟು ಹೊರಡಿಸುವುದನ್ನು ಹಿಡಿಯಲು ಕ್ಯಾಷು ಬಳಗ ಮುಂದಿಟ್ಟಿರುವ ಉಪಾಯ ಕುತೂಹಲದ್ದು. ಟಂಕಸಾಲೆ ಆಗಾಗ ಕೀಲಿ ಬದಲಿಸಬೇಕು, ಎಲ್ಲರೂ ಹಳೆಯ ನೋಟು ಕೊಟ್ಟು ಹೊಸದನ್ನು ಪಡೆಯಬೇಕು, ಹಾಕಿದ ಸಹಿಗಳ ಪಟ್ಟಿ ಮತ್ತು ಖರ್ಚಾದ ನೋಟುಗಳ ಪಟ್ಟಿ ಎರಡನ್ನೂ ಪ್ರಕಟಿಸಬೇಕು. ಆಗ ಬಂದದ್ದು ಹೋದದ್ದಕ್ಕಿಂತ ಹೆಚ್ಚಿದ್ದರೆ ಗುಟ್ಟು ರಟ್ಟು. 2016ರ ನವೆಂಬರ್ 8ರ ನೋಟು ರದ್ದತಿಯ ಬಳಿಕ ಭಾರತ ಇದನ್ನು ಕಾಗದದಲ್ಲಿ ಮಾಡಿ ನೋಡಿದೆ. ರದ್ದಾದ 15.41 ಲಕ್ಷ ಕೋಟಿ ರೂಪಾಯಿಯ ನೋಟುಗಳಲ್ಲಿ 15.31 ಲಕ್ಷ ಕೋಟಿ ಮರಳಿದವು ಎಂದು ರಿಸರ್ವ್ ಬ್ಯಾಂಕು 2018ರಲ್ಲಿ ಲೆಕ್ಕ ಕೊಟ್ಟಿತು. ಹೊರಗಿರುವ ನೋಟನ್ನು ಪೂರ್ತಿ ಎಣಿಸಬೇಕಾದರೆ ಅದನ್ನು ಪೂರ್ತಿ ಹಿಂದಕ್ಕೆ ಕರೆಯಬೇಕು. ಕಾಗದದಲ್ಲಿ ಅದು ಜನರ ಬೆನ್ನು ಮುರಿಯುತ್ತದೆ, ಫೋನಿನಲ್ಲಿ ಹಿನ್ನೆಲೆಯಲ್ಲಿ ತಾನಾಗಿ ಆಗಬಹುದು. ಡಿಜಿಟಲ್ ಹಣ ಕಾಗದಕ್ಕಿಂತ ಹೆಚ್ಚು ಪರೀಕ್ಷೆಗೆ ಒಗ್ಗುವ ಜಾಗ ಇದೊಂದು, ಇದನ್ನು ಬಳಸಿಕೊಂಡವರು ಕಡಿಮೆ.

ಬಳಸಿಕೊಂಡವರಲ್ಲಿ ಮುಂದಿರುವುದು ಗ್ನೂ ಟೇಲರ್. ಕ್ರಿಸ್ಟಿಯಾನ್ ಗ್ರೋಥಾಫ್, ಫ್ಲೋರಿಯಾನ್ ಡೋಲ್ಡ್ ಮತ್ತು ಸಂಗಡಿಗರು ಹತ್ತು ವರ್ಷಕ್ಕೂ ಮೇಲೆ ಕಟ್ಟಿದ, ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ವ್ಯವಸ್ಥೆ ಇದು. ಇದರಲ್ಲಿ ನೋಟು ಹೊರಡಿಸುವವನ ಪಕ್ಕದಲ್ಲೇ ಆಡಿಟರ್‌ಗೆ ಒಂದು ಸ್ಥಾನ ವಿನ್ಯಾಸದಲ್ಲಿಯೇ ಇದೆ. ಪ್ರತಿ ಬೆಲೆಯ ಕೀಲಿಗೂ ಅವಧಿ ಉಂಟು. ಯಾವುದಾದರೂ ಕೀಲಿಯ ನೋಟು ಹೊರಟದ್ದಕ್ಕಿಂತ ಹೆಚ್ಚು ಬಂದರೆ ಆ ಕೀಲಿಯನ್ನು ರದ್ದು ಮಾಡಿ ಪ್ರಾಮಾಣಿಕರಿಗೆ ಹಣ ಮರಳಿಸುವ ದಾರಿಯನ್ನೂ ಬರೆದಿಟ್ಟಿದ್ದಾರೆ. 2021ರಲ್ಲಿ ಸ್ವಿಸ್ ರಾಷ್ಟ್ರೀಯ ಬ್ಯಾಂಕು ಹೊರತಂದ ಪ್ರಬಂಧವೊಂದರಲ್ಲಿ ಚಾಮ್, ಗ್ರೋಥಾಫ್ ಮತ್ತು ತೋಮಸ್ ಮೋಸರ್ ಕೇಂದ್ರ ಬ್ಯಾಂಕುಗಳ ಡಿಜಿಟಲ್ ಹಣಕ್ಕೆ ಇದನ್ನೇ ಸೂಚಿಸಿದರು. 2025ರಲ್ಲಿ ಟೇಲರ್ ಸ್ವಿಟ್ಜರ್ಲೆಂಡಿನಲ್ಲಿ ನಿಜವಾದ ಪಾವತಿಗೆ ತೆರೆದುಕೊಂಡಿತು. ಕುರುಡು ಸಹಿ ಅಷ್ಟರಲ್ಲಿ ಬೇರೆ ವೇಷದಲ್ಲಿ ನಮ್ಮೆಲ್ಲರ ಹತ್ತಿರ ಬಂದಾಗಿತ್ತು: ‘ನೀವು ಯಂತ್ರಮಾನವನಲ್ಲ ತಾನೆ’ ಎಂದು ಜಾಲತಾಣಗಳು ಕೇಳುವ ಪರೀಕ್ಷೆಯನ್ನು ತಪ್ಪಿಸಲು ಆ್ಯಪಲ್ 2022ರಿಂದ ಫೋನುಗಳಲ್ಲಿ ಬಳಸುತ್ತಿರುವುದು ಇದೇ ಗಣಿತ. ಹಣಕ್ಕೆ ಬೇಡವಾದದ್ದು ಗೇಟು ಕಾಯಲು ಬೇಕಾಯಿತು.

ಟೇಲರಿನ ಇನ್ನೊಂದು ಗುಣ ನಮಗೆ ಹತ್ತಿರದ್ದು. ಅದು ಕೊಡುವವನನ್ನು ಮರೆಮಾಡುತ್ತದೆ, ಪಡೆಯುವವನನ್ನು ಅಲ್ಲ. ವ್ಯಾಪಾರಿಯ ಆದಾಯ ತೆರಿಗೆ ಇಲಾಖೆಗೆ ಕಾಣುತ್ತದೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು, ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಿದ್ದವು. ಸರ್ಕಾರ ಹಳೆಯ ಬಾಕಿಯ ವಿಷಯದಲ್ಲಿ ಮೃದುವಾದ ಮೇಲೆ ಗದ್ದಲ ಇಳಿಯಿತು. ಆ ಹೊತ್ತಿನಲ್ಲಿ ಇ-ಕ್ಯಾಷ್ ಇದ್ದಿದ್ದರೆ ಈ ವ್ಯಾಪಾರಿಗಳಿಗೆ ಅನುಕೂಲವಾಗುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಡಿಜಿಕ್ಯಾಷ್, ಟೇಲರ್ ಮಾದರಿಯ ಇ-ಕ್ಯಾಷ್ ಮರೆಮಾಡುವುದು ಚಹಾ ಕುಡಿದವನನ್ನು, ಚಹಾ ಮಾರಿದವನನ್ನಲ್ಲ. ಯುಪಿಐನಲ್ಲಿ ಇಬ್ಬರೂ ಬಯಲಿನಲ್ಲಿದ್ದಾರೆ, ಕಾಗದದಲ್ಲಿ ಇಬ್ಬರೂ ಮರೆಯಲ್ಲಿದ್ದಾರೆ, ಇ-ಕ್ಯಾಷ್ ನಡುವೆ ಗೆರೆ ಎಳೆಯುತ್ತದೆ. ಔಷಧಿ, ಪುಸ್ತಕ, ದೇಣಿಗೆ ಯಾವುದಕ್ಕೆ ಹಣ ಕೊಟ್ಟೆ ಎಂಬುದು ಕೊಟ್ಟವನ ಖಾಸಗಿ ವಿಷಯ. ವ್ಯಾಪಾರ ಎಷ್ಟಾಯಿತು ಎಂಬುದರಲ್ಲಿ ಸಮಾಜಕ್ಕೂ ಪಾಲಿದೆ. ಈ ಗೆರೆ ನನಗೆ ಸರಿಯಾಗಿಯೇ ಕಾಣುತ್ತದೆ, ತಳ್ಳುಗಾಡಿಯವರಿಗೆ ಕಾಣದಿರಬಹುದು.

ಭಾರತದ ಇ-ರುಪಾಯಿ ಈ ನಕ್ಷೆಯಲ್ಲಿ ಎಲ್ಲಿದೆ? ಚಿಲ್ಲರೆ ಬಳಕೆಯ ಪ್ರಯೋಗ 2022ರ ಡಿಸೆಂಬರ್ 1ರಂದು ಆರಂಭವಾದಾಗ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಇತ್ತು. ನೋಟು, ನಾಣ್ಯಗಳ ಬೆಲೆಯಲ್ಲಿಯೇ ಡಿಜಿಟಲ್ ಟೋಕನ್‌ಗಳು, ಹೊಣೆ ನೇರವಾಗಿ ರಿಸರ್ವ್ ಬ್ಯಾಂಕಿನದು. ಠೇವಣಿ ಮುಳುಗುವ ಭಯವಿಲ್ಲ, ಗಂಟು ಕಟ್ಟುವ ಟಂಕಸಾಲೆಯವನಿಲ್ಲ. ಹಾಗಿದ್ದೂ 2025ರ ಮಾರ್ಚ್ ಅಂತ್ಯಕ್ಕೆ ಚಲಾವಣೆಯಲ್ಲಿದ್ದದ್ದು ಸಾವಿರ ಕೋಟಿ ರೂಪಾಯಿಗಿಂತ ತುಸು ಹೆಚ್ಚು. ಕಾಗದದ ನೋಟು 35 ಲಕ್ಷ ಕೋಟಿಯನ್ನೂ ಮೀರಿದೆ. ಯುಪಿಐ ಕೊಡದ ಏನನ್ನು ಇದು ಕೊಡುತ್ತದೆ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಒಂದೇ ಇರಬಹುದಿತ್ತು, ನಗದಿನಂಥ ಗೌಪ್ಯ. ಸಣ್ಣ ಮೊತ್ತಕ್ಕೆ ಅನಾಮಧೇಯತೆ, ದೊಡ್ಡದಕ್ಕೆ ಜಾಡು ಎಂಬ ತತ್ವವನ್ನು ರಿಸರ್ವ್ ಬ್ಯಾಂಕಿನ 2022ರ ಅಕ್ಟೋಬರಿನ ಪರಿಕಲ್ಪನಾ ಟಿಪ್ಪಣಿಯೇ ಹೇಳಿತ್ತು. ಕಾನೂನಿನಿಂದಲೋ ತಂತ್ರಜ್ಞಾನದಿಂದಲೋ, ಉದಾಹರಣೆಗೆ ವಹಿವಾಟಿನ ದಾಖಲೆಯನ್ನು ಶಾಶ್ವತವಾಗಿ ಅಳಿಸುವ ಮೂಲಕ, ಇದನ್ನು ಸಾಧಿಸಬಹುದು ಎಂದು ಅಂದಿನ ಗವರ್ನರ್ ಶಕ್ತಿಕಾಂತ ದಾಸ್ 2024ರಲ್ಲಿ ಹೇಳಿದರು.

ಅಳಿಸಿದ್ದೇವೆ ಎನ್ನುವುದಕ್ಕೂ ನೋಡಿಯೇ ಇಲ್ಲ ಎನ್ನುವುದಕ್ಕೂ ಇರುವ ಅಂತರವೇ ಈ ನಲವತ್ತು ವರ್ಷಗಳ ಕೆಲಸ. ದಾಖಲೆ ಅಳಿದಿದೆ ಎಂಬುದನ್ನು ಹೊರಗಿನವರು ಯಾವ ಗಣಿತದಿಂದಲೂ ಪರೀಕ್ಷಿಸಲಾರರು. ಒಂದು ನಕಲು ಎಲ್ಲೋ ಉಳಿದಿದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಕುರುಡು ಸಹಿಯಲ್ಲಿ ಅಳಿಸಬೇಕಾದದ್ದೇ ಇಲ್ಲ, ಅದನ್ನು ಗ್ರಾಹಕನ ಫೋನು ತಾನೇ ಖಚಿತಪಡಿಸಿಕೊಳ್ಳಬಲ್ಲದು. ಕೇಂದ್ರ ಬ್ಯಾಂಕುಗಳ ಬ್ಯಾಂಕು ಎನಿಸಿದ ಬಿಐಎಸ್ 2023ರಲ್ಲಿ ಟೂರ್ಬಿಯೋನ್ ಎಂಬ ಯೋಜನೆಯಲ್ಲಿ ಚಾಮ್ ಅವರ ಇ-ಕ್ಯಾಷ್ ವಿನ್ಯಾಸಗಳನ್ನು ಕಟ್ಟಿ ನೋಡಿ, ಕೊಡುವವನ ಗೌಪ್ಯದೊಂದಿಗೇ ವ್ಯವಸ್ಥೆ ನಡೆಯುತ್ತದೆ ಎಂದು ತೋರಿಸಿದೆ. ಕ್ವಾಂಟಮ್ ದಾಳಿ ತಡೆಯುವ ಸಹಿಗಳನ್ನು ಹಾಕಿದಾಗ ವೇಗ ಭಾರಿ ಕುಸಿಯಿತು ಎಂಬುದನ್ನೂ ಮುಚ್ಚಿಡದೆ ಬರೆದಿದೆ.

ಇ-ರುಪಾಯಿಯ ವಾಲೆಟ್ಟು ಮತ್ತು ಟೋಕನ್ನಿನ ಮೂಲ ಸಂಕೇತವನ್ನು ರಿಸರ್ವ್ ಬ್ಯಾಂಕು ಬಹಿರಂಗಪಡಿಸಲಿ. ದೇಶದ ಗಣಿತಜ್ಞರು, ವಿದ್ಯಾರ್ಥಿಗಳು ಅದನ್ನು ಹರಿದು ನೋಡಲಿ. ಹೊರಡಿಸಿದ ಟೋಕನ್‌ಗಳ ಲೆಕ್ಕವನ್ನು ಹೊರಗಿನವರು ಕೂಡಿ ನೋಡುವಂತೆ ಪ್ರಕಟಿಸಲಿ. ಅಲ್ಲಿಯತನಕ ಅದರ ಗೌಪ್ಯ ಒಂದು ಸರ್ಕಾರಿ ಭರವಸೆ, ಅದಕ್ಕಿಂತ ಹೆಚ್ಚೇನೂ ಅಲ್ಲ.